ಅದಿರಲಿ, ದೊಡ್ಡಮ್ಮ

ನಮ್ಮ ಮನೆಯ ಬೀರುವಿನಲ್ಲಿ ಒಂದು ಪುಟ್ಟ ಟೇಪು ಇದೆ. 2003ರಲ್ಲಿ ಬಂಧುಗಳ ಮದುವೆಗೆಂದು ಚಳ್ಳಕೆರೆಗೆ ಹೋಗಿದ್ದಾಗ, ಸ್ನೇಹಿತರಿಂದ ಎರವಲು ತಂದಿದ್ದ ಕ್ಯಾಮರಾದಲ್ಲಿ ನಾನೇ ತೆಗೆದದ್ದು. ಮದುವೆಯ ಚಿತ್ರವಲ್ಲ, ಮದುವೆಯ ಮರುದಿನ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾದ ಹೊತ್ತಿನಲ್ಲಿ, ನನ್ನ ದೊಡ್ಡಮ್ಮನನ್ನು ಹಜಾರದ ಕುರ್ಚಿಯಲ್ಲಿ ಕೂರಿಸಿ ನಡೆಸಿದ ಸಂದರ್ಶನ. ಅದಕ್ಕಾಗಿ ಹಿಂದಿನ ರಾತ್ರಿಯೇ ಕುಳಿತು ಇಪ್ಪತ್ತೆರಡು ಪ್ರಶ್ನೆಗಳನ್ನು ಬರೆದು ಸಿದ್ಧಪಡಿಸಿಕೊಂಡಿದ್ದೆ. ಪತ್ರಿಕೆಯಲ್ಲಿ ಅಂಕಣ ಬರೆಯುವವನಲ್ಲವೇ, ಪ್ರಶ್ನೆ ಕೇಳುವುದು ನನಗೆ ತಿಳಿಯದ ವಿದ್ಯೆಯೇ ಎಂಬ ಜಂಬ.

ಆರನೆಯ ಪ್ರಶ್ನೆ ಶಾಲೆಯನ್ನು ಕುರಿತದ್ದು. ದೊಡ್ಡಮ್ಮ ನಾಲ್ಕನೆಯ ತರಗತಿಯವರೆಗೆ ಓದಿದ್ದರು. “ಐದನೆಯದಕ್ಕೆ ಹೆಸರು ಬರೆಸಿಯೂ ಆಗಿತ್ತು ಕಣೋ. ಹೊಸ ಹಲಗೆಯನ್ನೂ ತಂದಿದ್ದರು. ಆದರೆ ಆವತ್ತು ಅಪ್ಪ...” ಎಂದು ನಿಲ್ಲಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಅಷ್ಟರಲ್ಲಿ ನನ್ನ ಕಣ್ಣು ಕಾಗದದ ಮೇಲಿದ್ದ ಏಳನೆಯ ಪ್ರಶ್ನೆಗೆ ಹೋಗಿತ್ತು. “ಅದಿರಲಿ, ದೊಡ್ಡಮ್ಮ, ಆಗಿನ ಕಾಲದ ಮದುವೆಗಳು ಎಷ್ಟು ದಿನ ನಡೆಯುತ್ತಿದ್ದುವು, ಅದನ್ನು ಹೇಳಿ” ಎಂದೆ. ದೊಡ್ಡಮ್ಮ ನಕ್ಕು, ಐದು ದಿನ ಎಂದರು. ಚಪ್ಪರ, ನಾಗೋಲಿ, ಬೀಗರ ಊಟ ಎಲ್ಲವನ್ನೂ ಚೆನ್ನಾಗಿಯೇ ವರ್ಣಿಸಿದರು. ಅವು ಯಾವ ಮನೆಯ ಹಿರಿಯರನ್ನು ಕೇಳಿದರೂ ದೊರೆಯುವ ಸಂಗತಿಗಳು. ಆವತ್ತು ಅಪ್ಪ ಏನು ಮಾಡಿದರು ಎಂಬುದನ್ನು ಬಲ್ಲವರು ದೊಡ್ಡಮ್ಮ ಒಬ್ಬರೇ ಇದ್ದರು. 2006ರಲ್ಲಿ ಅವರು ತೀರಿಕೊಂಡರು.

ಈ ಕತೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣ ವಾಚಕಿಯೊಬ್ಬರ ಪತ್ರ. ಅವರ ಅತ್ತೆಯವರಿಗೆ ಎಂಬತ್ತೆಂಟು ವರ್ಷ. ನೆನಪು ಇನ್ನೂ ಚುರುಕಾಗಿದೆ. ಮಗ ಒಳ್ಳೆಯ ಫೋನು ಕೊಂಡಿದ್ದಾನೆ. ಅಜ್ಜಿಯ ಮಾತುಗಳನ್ನು ವಿಡಿಯೋದಲ್ಲಿ ಹಿಡಿದಿಡಬೇಕೆಂದು ಮನೆಯವರೆಲ್ಲರ ಆಸೆ. ಆದರೆ ಫೋನನ್ನು ಎದುರಿಗೆ ಹಿಡಿದೊಡನೆ ಆ ತಾಯಿ ಕೈಜೋಡಿಸಿ, “ಎಲ್ಲರಿಗೂ ಒಳ್ಳೆಯದಾಗಲಿ” ಎಂದು ಮುಗಿಸಿಬಿಡುತ್ತಾರಂತೆ. ಏನು ಮಾಡಬೇಕು ಎಂದು ಕೇಳಿದ್ದಾರೆ. ಕೆಟ್ಟ ಸಂದರ್ಶನವೊಂದನ್ನು ಮಾಡಿ ಅದನ್ನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಾಪಾಡಿಕೊಂಡು ಬಂದಿರುವುದೇ ಈ ವಿಷಯದಲ್ಲಿ ನನಗಿರುವ ಅರ್ಹತೆ. ಅದರ ಜೊತೆಗೆ, ಇತ್ತೀಚೆಗೆ ನನ್ನ ತಂಗಿಯ ಮಗಳೊಡನೆ ಮೊಳಕಾಲ್ಮೂರಿಗೆ ಹೋಗಿ ಅವಳಿಂದ ಕಲಿತು ಬಂದುದೂ ಸ್ವಲ್ಪ ಇದೆ. ಕಾಲೇಜಿನ ಕೆಲಸಕ್ಕಾಗಿ ಅವಳು ವೃದ್ಧ ನೇಕಾರರೊಬ್ಬರ ಸಂದರ್ಶನ ಮಾಡಬೇಕಾಗಿತ್ತು. ಆ ಸೀಮೆ ನಿಮ್ಮದಲ್ಲವೇ ಎಂದು ನನ್ನನ್ನೂ ಕರೆದೊಯ್ದಳು.

ಮೊಳಕಾಲ್ಮೂರು ಎಂದರೆ ನಮ್ಮ ಮನೆಗಳ ಹೆಂಗಸರಿಗೆ ರೇಷ್ಮೆಯ ಸೀರೆ ನೆನಪಾಗುತ್ತದೆ. ಚರಿತ್ರೆ ಓದಿದವರಿಗೆ ಅಶೋಕ ಚಕ್ರವರ್ತಿ ನೆನಪಾಗುತ್ತಾನೆ. ಆ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅವನ ಶಾಸನಗಳಿವೆ, ಬಿ. ಎಲ್. ರೈಸ್ ಅವರು 1892ರಲ್ಲಿ ಅವನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯ ಮೇಲಿನ ಬರಹ ಹೇಗೆ ಆರಂಭವಾಗುತ್ತದೆಂಬುದನ್ನು ಗಮನಿಸಬೇಕು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿಕಳುಹಿಸಿದ್ದು ಅದು. ಮೊದಲಿಗೆ ಅವರ ಆರೋಗ್ಯದ ವಿಚಾರಣೆ. ಚಕ್ರವರ್ತಿಯ ಮಾತು ಬರುವುದು ಆಮೇಲೆ. ರಾಜಾಜ್ಞೆಯೇ ಕ್ಷೇಮಸಮಾಚಾರ ವಿಚಾರಿಸಿಕೊಂಡು ಮುಂದುವರಿದಿರುವಾಗ, ನಾವು ಮಾತ್ರ ಬಾಗಿಲು ದಾಟಿದೊಡನೆ ಫೋನನ್ನು ಮುಖಕ್ಕೆ ಹಿಡಿಯುತ್ತೇವೆ.

ನಮ್ಮ ಹುಡುಗಿ ಹಾಗೆ ಮಾಡಲಿಲ್ಲ. ಮೊದಲ ದಿನ ಕ್ಯಾಮರಾ ಚೀಲದಿಂದ ಹೊರಗೆ ಬರಲೇ ಇಲ್ಲ. ನೇಕಾರರ ಮನೆಯಲ್ಲಿ ಕುಳಿತು ಚಹಾ ಕುಡಿದಳು. ಅವರ ಮಂಡಿನೋವನ್ನು ವಿಚಾರಿಸಿದಳು. ತಾನು ಏತಕ್ಕೆ ಬಂದಿದ್ದೇನೆ, ತೆಗೆದ ಚಿತ್ರವನ್ನು ಯಾರು ಯಾರು ನೋಡುತ್ತಾರೆ ಎಂಬುದನ್ನು ಬಿಡಿಸಿ ಹೇಳಿದಳು. ಯಾವ ಮಾತನ್ನು ತೆಗೆದುಹಾಕು ಎಂದರೂ ತೆಗೆಯುತ್ತೇನೆಂದು ಒಪ್ಪಿಕೊಂಡಳು. ನನಗೆ ಒಳಗೊಳಗೇ ಅಸಹನೆ. ಒಂದು ದಿನ ವ್ಯರ್ಥವಾಯಿತಲ್ಲ ಎಂದು ರಾತ್ರಿ ಹೇಳಿಯೂ ಹೇಳಿದೆ. ಮರುದಿನ ಆ ಹಿರಿಯರು ನಮ್ಮನ್ನು ಬೀದಿಯ ತಿರುವಿನಲ್ಲಿಯೇ ಎದುರುಗೊಂಡರು.

ಇನ್ನು ಯಂತ್ರದ ಮಾತು. ಹೆಚ್ಚಿನವರು ಚಿತ್ರ ಚೆನ್ನಾಗಿ ಬರಬೇಕೆಂದು ಒದ್ದಾಡುತ್ತಾರೆ. ಚಿತ್ರ ತುಸು ಮಬ್ಬಾದರೂ ಮನೆಯವರು ನೋಡುತ್ತಾರೆ. ಮಾತು ಕೇಳಿಸದಿದ್ದರೆ ಯಾರೂ ನೋಡುವುದಿಲ್ಲ. ಮೈಕು ಮಾತನಾಡುವವರ ಬಾಯಿಂದ ಒಂದು ಗೇಣು ದೂರದಲ್ಲಿರಬೇಕು. ಸೆರಗಿಗೋ ಅಂಗಿಗೋ ಸಿಕ್ಕಿಸುವ ಚಿಕ್ಕ ಮೈಕು ಈಗ ದುಬಾರಿಯ ಪದಾರ್ಥವಲ್ಲ. ಅದಿಲ್ಲದಿದ್ದರೆ ಎರಡನೆಯ ಫೋನೊಂದನ್ನು ಅವರ ಪಕ್ಕದಲ್ಲಿಟ್ಟು ಧ್ವನಿಯನ್ನಷ್ಟೇ ಅದರಲ್ಲಿ ಹಿಡಿದುಕೊಂಡರೂ ಆದೀತು. ಫ್ಯಾನು ನಿಲ್ಲಬೇಕು, ತಂಗಳಪೆಟ್ಟಿಗೆಯ ಗುಂಯ್‌ಗುಡುವಿಕೆ ನಮ್ಮ ಕಿವಿಗೆ ರೂಢಿಯಾಗಿ ಕೇಳಿಸುವುದಿಲ್ಲ, ಮೈಕಿಗೆ ಕೇಳಿಸುತ್ತದೆ. ಫೋನಿಗೆ ಕರೆ ಬಾರದಂತೆ ಮಾಡಿಟ್ಟುಕೊಳ್ಳುವುದನ್ನು ಮರೆಯಬಾರದು. ಅಜ್ಜಿ ಕಣ್ಣೊರಸಿಕೊಳ್ಳುತ್ತಿರುವ ಗಳಿಗೆಯಲ್ಲಿಯೇ ಸಾಲ ಕೊಡುತ್ತೇವೆಂದು ಯಾವುದೋ ಕಂಪನಿಯವರು ಕರೆಯುತ್ತಾರೆ.

ಚಳ್ಳಕೆರೆಯ ಬಯಲಿನ ಗಾಳಿಯನ್ನು ಬಲ್ಲವರಿಗೆ ಇನ್ನೊಂದು ಮಾತನ್ನು ಹೇಳಬೇಕಾದುದಿಲ್ಲ. ಆಷಾಢದಲ್ಲಿ ಅಲ್ಲಿ ಹೊರಗೆ ಕುಳಿತು ಮಾತು ಹಿಡಿಯುವುದೆಂದರೆ ಬರಿಯ ಗಾಳಿಯ ಭೋರ್ಗರೆತವನ್ನು ಹಿಡಿದಂತೆ. ಗೋಡೆಯ ಮರೆಗೆ ಸರಿಯಬೇಕು. ಮೈಕಿಗೆ ರೋಮದ ಮುಸುಕು ಹಾಕಬೇಕು. ನಮ್ಮಲ್ಲಿ ಮುಸುಕಿರಲಿಲ್ಲ. ಸವೆದು ಜಾಳಾದ ಹಳೆಯ ಕಂಬಳಿಯ ಚೂರೊಂದನ್ನು ಸುತ್ತಿದೆವು, ಕೆಲಸ ನಡೆಯಿತು. ಕಂಬಳಿಗೆ ಹೆಸರಾದ ಊರಿಗೆ ಹೋಗಿ ಉಣ್ಣೆಯ ಮುಸುಕಿಲ್ಲವೆಂದು ಕೊರಗುವುದುಂಟೇ?

ಬೆಳಕಿನ ವಿಷಯ ಸುಲಭ. ಕಿಟಕಿ ಅವರ ಬೆನ್ನಿಗೆ ಬಂದರೆ ಮುಖ ಕಪ್ಪಾಗುತ್ತದೆ. ಪಕ್ಕಕ್ಕೆ ಬಂದರೆ ಮುಖದ ಒಂದೊಂದು ಗೆರೆಯೂ ಕಾಣುತ್ತದೆ. ಫೋನನ್ನು ಅಡ್ಡಲಾಗಿ ಇಡಿ, ಕೈಯಲ್ಲಿ ಹಿಡಿಯಬೇಡಿ. ಅದು ಯಾವುದಾದರೂ ಆಸರೆಯ ಮೇಲೆ ನಿಂತಿರಲಿ. ಕೇಳುವವರು ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳಲಿ. ಅಜ್ಜಿ ಯಂತ್ರವನ್ನು ನೋಡಿ ಮಾತನಾಡಬೇಕಾಗಿಲ್ಲ, ಮೊಮ್ಮಗಳನ್ನು ನೋಡಿ ಮಾತನಾಡಿದರೆ ಸಾಕು.

ಆದರೆ ಕ್ಯಾಮರಾ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ನಾನು ಕಲಿತದ್ದು ಮಗ್ಗದ ಮನೆಯಲ್ಲಿ. ಅಲ್ಲಿದ್ದುದು ಗುಂಡಿಮಗ್ಗ. ನೇಕಾರರ ಕಾಲುಗಳು ಗುಂಡಿಯಲ್ಲಿ, ಅಣೆಗಳ ಮೇಲೆ; ಕುಳಿತಿರುವುದು ಬಹುಮಟ್ಟಿಗೆ ನೆಲದ ಮಟ್ಟದಲ್ಲಿ. ಹುಡುಗಿ ಮೂರು ಕಾಲಿನ ನಿಲುವನ್ನು ಬಿಡಿಸಿ ನಿಲ್ಲಿಸಿದಾಗ ಪರದೆಯ ಮೇಲೆ ಕಂಡದ್ದು ಅವರ ನರೆತ ನೆತ್ತಿ. ಯಾವನೋ ಅಧಿಕಾರಿ ನಿಂತುಕೊಂಡು ಅರ್ಜಿದಾರನನ್ನು ಕೆಳನೋಟದಿಂದ ವಿಚಾರಿಸುವ ಹಾಗಿತ್ತು. ಅವಳು ನಿಲುವನ್ನು ಮಡಿಸಿಟ್ಟು, ಎರಡು ಇಟ್ಟಿಗೆಗಳ ಮೇಲೆ ಕ್ಯಾಮರಾ ಇರಿಸಿ, ತಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಅಷ್ಟರಿಂದಲೇ ಆ ಮುದುಕರ ಮುಖಕ್ಕೆ ಗಾಂಭೀರ್ಯ ಬಂದಿತು. ನನ್ನ ಟೇಪನ್ನು ನೆನೆದುಕೊಂಡೆ. ಅದರಲ್ಲಿ ನಾನು ನಿಂತಿದ್ದೇನೆ. ದೊಡ್ಡಮ್ಮ ಉದ್ದಕ್ಕೂ ಕತ್ತೆತ್ತಿ ನೋಡುತ್ತಿದ್ದಾರೆ.

ಮಗ್ಗ ನಡೆಯುವಾಗ ಮಾತು ಕೇಳಿಸುವುದಿಲ್ಲ. ಮಗ್ಗ ನಿಲ್ಲಿಸಿದರೆ ನೇಕಾರರಿಗೆ ಮಾತು ಹೊರಡುವುದಿಲ್ಲ. ಇದೊಂದು ವಿಚಿತ್ರವಾದ ಕಷ್ಟ. ಕೈ ಕೆಲಸದಲ್ಲಿದ್ದಾಗಲೇ ನಾಲಗೆ ಸಡಿಲವಾಗುವುದು ಮನುಷ್ಯಸ್ವಭಾವ. ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತ ಹೆಂಗಸರು ಆಡುವ ಮಾತನ್ನು ಹಜಾರದ ಕುರ್ಚಿಯಲ್ಲಿ ಆಡಿಸಲಾಗುವುದಿಲ್ಲ. ಫ್ರಾನ್ಸಿನ ಕ್ಲೋದ್ ಲಾಂಜ್ಮನ್ ಎಂಬ ನಿರ್ದೇಶಕ 1985ರಲ್ಲಿ ‘ಶೋಆ’ ಎಂಬ, ಒಂಬತ್ತು ಗಂಟೆಗೂ ಮೀರಿದ ಚಿತ್ರವನ್ನು ಹೊರತಂದ. ನಾಜಿಗಳ ಕೊಲೆಶಿಬಿರಗಳಿಂದ ಬದುಕಿ ಉಳಿದವರ ಸಂದರ್ಶನಗಳೇ ಅದರ ಜೀವಾಳ. ಅಲ್ಲಿ ಅಬ್ರಹಾಮ್ ಬೊಂಬಾ ಎಂಬ ಕ್ಷೌರಿಕರೊಬ್ಬರಿದ್ದಾರೆ. ಸಾಯಲಿದ್ದ ಹೆಂಗಸರ ಕೂದಲನ್ನು ಕತ್ತರಿಸುವ ಕೆಲಸಕ್ಕೆ ಅವರನ್ನು ಶಿಬಿರದಲ್ಲಿ ಹಚ್ಚಿದ್ದರು. ಲಾಂಜ್ಮನ್ ಅವರನ್ನು ಇಸ್ರೇಲಿನ ಕ್ಷೌರದಂಗಡಿಯೊಂದಕ್ಕೆ ಕರೆದೊಯ್ದು, ಕೈಗೆ ಕತ್ತರಿ ಕೊಟ್ಟು, ಒಬ್ಬರ ತಲೆಗೂದಲನ್ನು ಕತ್ತರಿಸುತ್ತಿರುವಂತೆಯೇ ಮಾತನಾಡಿಸಿದ. ನಡುವೆ ಅವರ ಗಂಟಲು ಕಟ್ಟಿತು. ಇನ್ನು ಆಗದು ಎಂದರು. ಲಾಂಜ್ಮನ್ ಬಿಡಲಿಲ್ಲ, ಹೇಳಲೇಬೇಕೆಂದು ಒತ್ತಾಯಿಸಿದ. ಜಗತ್ತಿಗೆ ಸಾಕ್ಷ್ಯ ಬೇಕಾಗಿತ್ತು, ನಿಜ. ಆದರೂ ಆ ದೃಶ್ಯ ನೋಡಿದಾಗಲೆಲ್ಲ ನನಗೆ ಎದೆ ಹಿಂಡುತ್ತದೆ. ಕತ್ತರಿಯನ್ನು ಕೈಗೆ ಕೊಟ್ಟ ಜಾಣತನವನ್ನು ನಾವು ಕಲಿಯಬಹುದು. ಒತ್ತಾಯವನ್ನು ನಮ್ಮ ಮನೆಯ ಹಿರಿಯರ ಮೇಲೆ ಪ್ರಯೋಗಿಸುವ ಅಧಿಕಾರ ನಮಗಿದೆಯೆಂದು ನನಗೆ ತೋರುವುದಿಲ್ಲ.

ಮಗ್ಗದ ಮನೆಯಲ್ಲಿ ಹುಡುಗಿ ಕಂಡುಕೊಂಡ ಉಪಾಯ ಇಷ್ಟೆ. ನೇಯುವುದನ್ನು ಬೇರೆಯಾಗಿ, ಸದ್ದಿನ ಸಮೇತ ಹಿಡಿದುಕೊಂಡಳು. ಮಾತಿಗೆ ಕುಳಿತಾಗ ಲಾಳಿಯನ್ನು ಅವರ ಕೈಯಲ್ಲಿಯೇ ಬಿಟ್ಟಳು. ಅವರು ಅದನ್ನು ತಿರುಗಿಸುತ್ತ, ಹೆಬ್ಬೆರಳಿನಿಂದ ತೀಡುತ್ತ ಮಾತನಾಡಿದರು.

ಈಗ ಪ್ರಶ್ನೆಗಳಿಗೆ ಬರೋಣ. ಹೌದು, ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳು ಉಪಯೋಗವಿಲ್ಲದವು. “ಆಗ ತುಂಬ ಕಷ್ಟವಿತ್ತೇ?” ಎಂದರೆ, “ಹೂಂ, ಕಷ್ಟವಿತ್ತು” ಎನ್ನುತ್ತಾರೆ. ಆ ಉತ್ತರವನ್ನು ನಾವೇ ಪ್ರಶ್ನೆಯಲ್ಲಿ ಇಟ್ಟುಕೊಂಡು ಹೋಗಿದ್ದೇವೆ. ಹುಡುಗಿ ನೇಕಾರರನ್ನು ಕಷ್ಟಸುಖ ಕೇಳಲಿಲ್ಲ. “ನೀವು ಮೊದಲ ಸಲ ಗುಂಡಿಯಲ್ಲಿ ಕುಳಿತ ದಿನ ಕಾಲು ಅಣೆಗೆ ಎಟುಕುತ್ತಿತ್ತೇ?” ಎಂದಳು. ಹೌದು, ಅಲ್ಲ ಎಂದು ಮುಗಿಸಬಹುದಾದ ಪ್ರಶ್ನೆಯೇ! ಆದರೆ ಅವರು ಮುಗಿಸಲಿಲ್ಲ. ಎಟುಕುತ್ತಿರಲಿಲ್ಲವೆಂದೂ, ತಂದೆ ಕಾಲಡಿಗೆ ಮಣೆಯೊಂದನ್ನು ಇಟ್ಟರೆಂದೂ, ಆ ಮಣೆ ಜಾರಿ ಎಳೆಗಳು ಹರಿದುವೆಂದೂ, ತಂದೆ ಹೊಡೆಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದರೆಂದೂ ಹೇಳಿದರು. ಆದುದರಿಂದ ಮೇಲೆ ಬರೆದ ನಿಯಮವನ್ನು ವಾಚಕರು ಪೂರ್ತಿಯಾಗಿ ನಂಬಬೇಕಾಗಿಲ್ಲ. ಕಾಲು, ಮಣೆ, ಹಲಗೆ, ದೀಪ ಇಂಥ ಮುಟ್ಟಬಹುದಾದ ಪದಾರ್ಥದ ಮೇಲೆ ಕೇಳಿದ ಪ್ರಶ್ನೆ ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ಉತ್ತರ ಮುಗಿಯಿತೆಂದು ನಮಗೆ ತೋರಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಬೇಕು. ಇದು ಬಹು ಕಷ್ಟದ ಕೆಲಸ. ಎದುರಿಗಿರುವವರು ಸುಮ್ಮನಾದರೆ ಸಭೆಯಲ್ಲಿ ಏನೋ ಅಪಚಾರವಾದಂತೆ ನಮಗೆ ಕಳವಳ. ಕೂಡಲೇ ಮುಂದಿನ ಪ್ರಶ್ನೆಯನ್ನು ತುರುಕುತ್ತೇವೆ. ಮುದುಕರ ಮೌನ ಮುಕ್ತಾಯವಲ್ಲ; ಅವರು ಒಳಗೆ ಹೋಗಿ ಏನನ್ನೋ ಹುಡುಕುತ್ತಿರುತ್ತಾರೆ. ಪ್ರಶ್ನೆಗಳನ್ನು ಬರೆದುಕೊಳ್ಳಬಾರದೆಂದು ನಾನು ಹೇಳುವುದಿಲ್ಲ. ಬರೆದ ಕಾಗದವನ್ನು ಮನೆಯಲ್ಲಿ ಬಿಟ್ಟುಬನ್ನಿ ಎನ್ನುತ್ತೇನೆ.

ಸಂದರ್ಶಕ ಬಾಯಿ ತೆರೆಯಕೂಡದು, ತಲೆಯಾಡಿಸಿದರೆ ಸಾಕು, ಇಲ್ಲವಾದರೆ ಅವನ ಧ್ವನಿ ನಡುನಡುವೆ ಸೇರಿ ಕೆಡಿಸುತ್ತದೆ ಎಂದು ಪಾಶ್ಚಾತ್ಯ ಕೈಪಿಡಿಗಳು ಹೇಳುತ್ತವೆ. ಅವರ ದೇಶಕ್ಕೆ ಅದು ಸರಿಯಿರಬಹುದು. ನಮ್ಮಲ್ಲಿ ಕತೆ ಹೇಳುವವರಿಗೆ ಹೂಂಗುಟ್ಟುವವರೊಬ್ಬರು ಬೇಕೇ ಬೇಕು. ಹೂಂಗುಟ್ಟದಿದ್ದರೆ, “ನಿದ್ದೆ ಬಂತೇನೋ?” ಎಂದು ಅಜ್ಜಿ ಕತೆಯನ್ನೇ ನಿಲ್ಲಿಸುತ್ತಾಳೆ. ನಾವು ಇದಕ್ಕೊಂದು ಒಪ್ಪಂದ ಮಾಡಿಕೊಂಡೆವು. ನೇಕಾರರ ಮೊಮ್ಮಗನನ್ನು ಹತ್ತಿರ ಕೂರಿಸಿ, ತಾತನ ಮಾತು ನಿಂತಾಗ ಮಾತ್ರ ಹೂಂ ಎನ್ನಬೇಕೆಂದು ಹೇಳಿಕೊಟ್ಟೆವು. ಅವನು ಎರಡು ಕಡೆ ಅತಿಯಾಗಿ ಹೂಂಗುಟ್ಟಿದ್ದಾನೆ. ಇರಲಿ, ಆ ಧ್ವನಿಯೂ ಮುಂದೊಂದು ದಿನ ಆ ಮನೆಯವರಿಗೆ ಬೇಕಾದೀತು.

ನುಡಿಯ ವಿಷಯದಲ್ಲಿ ನಮ್ಮ ಪೇಟೆಯ ಮನೆಗಳವರು ಮಾಡುವ ತಪ್ಪು ಒಂದಿದೆ. ಕ್ಯಾಮರಾ ಕಂಡೊಡನೆ, “ಅಜ್ಜಿ, ಸ್ವಲ್ಪ ಶುದ್ಧವಾಗಿ ಮಾತಾಡು” ಎನ್ನುತ್ತಾರೆ. ಆ ಸೀಮೆ ಆಂಧ್ರದ ಗಡಿ. ಕನ್ನಡದ ನಡುವೆ ತೆಲುಗು ನುಸುಳುತ್ತದೆ. ಎಷ್ಟೋ ಮನೆಗಳಲ್ಲಿ ಒಳಮಾತೆಲ್ಲ ತೆಲುಗಿನಲ್ಲಿಯೇ. ಅದು ಹಾಗೆಯೇ ಬರಬೇಕು. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳನ್ನು ಕುರಿತು ‘ಯೇಗ್ದಾಗೆಲ್ಲಾ ಐತೆ’ ಬರೆದಾಗ, ಸ್ವಾಮಿಗಳ ಹಳ್ಳಿಯ ಮಾತನ್ನು ತಿದ್ದಿ ತೀಡಿ ಗ್ರಂಥಭಾಷೆಗೆ ಇಳಿಸಲಿಲ್ಲ. ಪುಸ್ತಕದ ಹೆಸರೇ ಅದಕ್ಕೆ ಸಾಕ್ಷಿ. ಶಾಸ್ತ್ರಿಗಳು ತುಂಬುಬಾಳು ಬಾಳಿ 2013ರಲ್ಲಿ ತೀರಿಕೊಂಡರು. ಕ್ಯಾಮರಾದ ನೆರವಿನಿಂದ ಹುಟ್ಟಿದ ಪುಸ್ತಕವಲ್ಲ ಅದು, ಒಡನಾಟದಿಂದ ಹುಟ್ಟಿದ್ದು. ಅದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಇದ್ದರು. ಓದುಬರಹ ಅರಿಯದ ಆ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಪದಗಳಿದ್ದುವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಕೃಷ್ಣಮೂರ್ತಿ ಹನೂರರು ಆಕೆಯ ಹಾಡುಗಳಿಗೆ ಕಿವಿಗೊಟ್ಟು ‘ಸಾವಿರದ ಸಿರಿ ಬೆಳಗು’ ಎಂಬ ಗ್ರಂಥವನ್ನು ತಂದರು. ಇಂದು ಸಿರಿಯಜ್ಜಿ ಇಲ್ಲ. ಹಾಗೆ ಕೇಳುವವರು ಹೋಗದೆ ಉಳಿದ ಹಟ್ಟಿಗಳಲ್ಲಿ ಎಷ್ಟು ಪದಗಳು ಆಡಿದವರೊಡನೆಯೇ ಮಣ್ಣಾದುವೋ.

ಕೆಲವನ್ನು ಕೇಳಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಈ ಎರಡು ತಾಲ್ಲೂಕುಗಳಲ್ಲಿ ಮ್ಯಾಸನಾಯಕರು ದೇವರ ಎತ್ತುಗಳ ಹಿಂಡುಗಳನ್ನು ಸಾಕಿಕೊಂಡು ಬಂದಿದ್ದಾರೆ. ಅವನ್ನು ಕಾಯುವ ಕಿಲಾರಿಗಳಿಗೆ ತಮ್ಮದೇ ಕಟ್ಟುಪಾಡುಗಳಿವೆ. ಇಲ್ಲಿ ಚಿತ್ರ ಬೇಡ ಎಂದು ಅಂಥವರು ಯಾರಾದರೂ ಕೈ ಅಡ್ಡ ಮಾಡಿದರೆ ಕ್ಯಾಮರಾವನ್ನು ಮುಚ್ಚಬೇಕು, ವಾದಕ್ಕಿಳಿಯಬಾರದು. ಮನೆಯೊಳಗೂ ಅಷ್ಟೆ. ಆಸ್ತಿಯ ಜಗಳ, ಸತ್ತ ಮಗು, ಓಡಿಹೋದ ತಮ್ಮ, ಇವನ್ನು ಅವರಾಗಿ ಎತ್ತಿದರೆ ಕೇಳೋಣ.

ನೇಕಾರರ ಮಾತು ಒಂದು ಗಂಟೆಯಲ್ಲಿ ಮುಗಿಯಿತು. ಹುಡುಗಿ ಕೊನೆಗೆ, “ನಾನು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ?” ಎಂದಳು. ಅವರು ಯೋಚಿಸಿ ಇಲ್ಲವೆಂದರು. ಇನ್ನು ಎಲ್ಲರೂ ಒಂದು ನಿಮಿಷ ಸುಮ್ಮನಿರಬೇಕೆಂದು ಕೇಳಿಕೊಂಡು, ಆ ಕೋಣೆಯ ಬರಿಯ ಮೌನವನ್ನೂ ಹಿಡಿದಳು. ಮುಂದೆ ತುಣುಕುಗಳನ್ನು ಜೋಡಿಸುವಾಗ ಬೆಸುಗೆ ಕಾಣದಂತಿರಲು ಅದು ಬೇಕಂತೆ. ಆ ನಿಮಿಷ ಮುಗಿದು, ಅವಳು ತಂತಿಗಳನ್ನು ಸುತ್ತುತ್ತಿದ್ದಾಗ, ಅಷ್ಟು ಹೊತ್ತೂ ಬಾಗಿಲ ಬಳಿ ಕುಳಿತಿದ್ದ ನೇಕಾರರ ಹೆಂಡತಿ ಮೆಲ್ಲಗೆ, “ಅಂಚಿನ ಲಾಳಿ ಹಾಯಿಸಿದ್ದು ನಾನು” ಎಂದರು.

ನಲವತ್ತು ವರ್ಷ ಗಂಡನ ಪಕ್ಕದಲ್ಲಿ ಕುಳಿತು, ಸೀರೆಯ ಅಂಚಿಗೆ ಬೇರೆ ಬಣ್ಣದ ಎಳೆಯನ್ನು ಹಾಯಿಸಿದವರು ಅವರು. ಯಾರೂ ಅವರನ್ನು ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹುಡುಗಿ ಸುತ್ತಿದ ತಂತಿಯನ್ನು ಮತ್ತೆ ಬಿಚ್ಚಿದಳು. ಆ ಎರಡನೆಯ ಸಂದರ್ಶನ ಮೊದಲನೆಯದಕ್ಕಿಂತ ಉದ್ದವಾಯಿತು. ಮಗ್ಗದ ಲೆಕ್ಕ, ಬಣ್ಣದ ಲೆಕ್ಕ, ಹೆರಿಗೆಯಾದ ಎಷ್ಟನೆಯ ದಿನಕ್ಕೆ ಮತ್ತೆ ಮಗ್ಗಕ್ಕೆ ಕುಳಿತರೆಂಬ ಲೆಕ್ಕ, ಎಲ್ಲವೂ ಅವರ ಬಾಯಲ್ಲಿದ್ದುವು. ಅಷ್ಟರಲ್ಲಿ ಕಿಟಕಿಯ ಬೆಳಕು ಸರಿದು, ಅರ್ಧ ಚಿತ್ರ ಕತ್ತಲೆಯಲ್ಲಿಯೇ ಬಂದಿದೆ. ಬೆಳಕಿಗಾಗಿ ಅವರ ಮಾತನ್ನು ನಿಲ್ಲಿಸುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಊರಿಗೆ ಬಂದ ಮೇಲೆ ಹುಡುಗಿ ಎಲ್ಲವನ್ನೂ ಎರಡು ಪ್ರತಿ ಮಾಡಿದಳು. ಒಂದನ್ನು ಆ ಮನೆಗೆ ಕಳುಹಿಸಿದಳು. ಪ್ರತಿಯೊಂದರ ಆರಂಭದಲ್ಲಿಯೂ ಹೆಸರು, ಊರು, ದಿನಾಂಕಗಳನ್ನು ಅವರ ಬಾಯಿಂದಲೇ ಹೇಳಿಸಿದ್ದಾಳೆ. ಕೊನೆಯಲ್ಲಿ ತನ್ನ ಹೆಸರನ್ನೂ ಹಾಕಿಕೊಂಡಿದ್ದಾಳೆ. ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೂ ಹಾಗೆಯೇ ಕೊನೆಯಲ್ಲಿ ತನ್ನ ಹೆಸರು ಕೆತ್ತಿದ್ದಾನೆ. ಲಿಪಿಕಾರ ಎಂಬ ಅರ್ಥದ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಅಷ್ಟು ಹೆಮ್ಮೆ ಲಿಪಿಕಾರನಿಗೆ ಸಲ್ಲುತ್ತದೆ.

ಜೊತೆಗೆ ನನ್ನ ಹಳೆಯ ಟೇಪನ್ನೂ ಅವಳ ಕೈಗೆ ಕೊಟ್ಟೆ. ಅದನ್ನು ಓಡಿಸುವ ಯಂತ್ರ ಹುಡುಕುವುದೇ ಕಷ್ಟವಾಯಿತು. ಟೇಪು ಅಲ್ಲಲ್ಲಿ ಮಾಸಿದೆ. ನಿಮ್ಮ ಮನೆಗಳಲ್ಲಿ ಅಂಥವು ಇದ್ದರೆ ತಡಮಾಡದೆ ಹೊಸ ರೂಪಕ್ಕೆ ತಿರುಗಿಸಿಕೊಳ್ಳಿ. ಹುಡುಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಒಂದು ಸಂಜೆ ತಂದು ತೋರಿಸಿದಳು. ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುವ ಕಡೆ ಬಂದಾಗ ನಿಲ್ಲಿಸಿ, “ಮಾವ, ಇಲ್ಲಿ ನಿಮ್ಮ ಧ್ವನಿಯನ್ನು ಕತ್ತರಿಸಿಬಿಡಲೇ?” ಎಂದು ಕೇಳಿದಳು.

ಬೇಡವೆಂದೆ.